ತಲೆಯಾಡಿಸಿದರೆ ಹೌದೋ, ಅಲ್ಲವೋ?



ಕೋಲೆಬಸವನನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಮೈಮೇಲೆ ಬಣ್ಣದ ಬಟ್ಟೆ, ಕೊಂಬಿಗೆ ಕುಚ್ಚು, ಕೊರಳಿಗೆ ಗಂಟೆ. ಮನೆಯ ಮುಂದೆ ಬಂದು ನಿಂತ ಬಸವನನ್ನು ಅದರ ಯಜಮಾನ ಕೇಳುತ್ತಾನೆ: "ಈ ಮನೆಯವರಿಗೆ ಒಳ್ಳೇದಾಗ್ತದಾ ಬಸವಣ್ಣ?" ಬಸವ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ. "ಈ ವರ್ಷ ಮಳೆ ಬೆಳೆ ಚೆನ್ನಾಗಿ ಆಗ್ತದಾ?" ಅದಕ್ಕೂ ತಲೆಯಾಡಿಸುತ್ತದೆ. ಕೇಳಿದ್ದಕ್ಕೆಲ್ಲ ಹೂಂ ಎನ್ನುವವರನ್ನು 'ಕೋಲೆಬಸವನ ಹಾಗೆ ತಲೆಯಾಡಿಸುತ್ತಾನೆ' ಎಂದು ನಮ್ಮ ಹಿರಿಯರು ಹೇಳುವುದು ಇದರಿಂದಲೇ.

ಬಸವನಿಗೆ ಪ್ರಶ್ನೆ ಅರ್ಥವಾಗುತ್ತದೆಯೇ? ಇಲ್ಲ. ಯಜಮಾನ ಕೊಡುವ ಸನ್ನೆಗೆ ತಲೆಯಾಡಿಸುವಂತೆ ಅದನ್ನು ಪಳಗಿಸಿರುತ್ತಾರೆ. ಆದರೂ ನೋಡುತ್ತಿರುವ ನಮಗೆ ಅದು 'ಹೌದು' ಎಂದಂತೆಯೇ ಕಾಣುತ್ತದೆ. ಅಂದರೆ 'ಹೌದು' ಎಂಬ ಅರ್ಥ ಬಸವನ ತಲೆಯಲ್ಲಿಲ್ಲ, ನೋಡುವ ನಮ್ಮಲ್ಲಿದೆ!

ಹಾಗಾದರೆ ಪ್ರಪಂಚದ ಜನರೆಲ್ಲ ತಲೆಯಾಟಕ್ಕೆ ಇದೇ ಅರ್ಥವನ್ನು ಕೊಡುತ್ತಾರೆಯೇ? ಮೈಸೂರಿನಲ್ಲಿ 'ಸರಿ' ಎಂದು ಆಡಿಸಿದ ತಲೆ ಬೇರೆ ದೇಶದವರಿಗೆ ಹೇಗೆ ಕಾಣುತ್ತದೆ? ಬನ್ನಿ, ನಮ್ಮ ನಮ್ಮ ತಲೆಯಿಂದಲೇ ಪ್ರಾರಂಭಿಸೋಣ.

ಚಟುವಟಿಕೆ 1: ಮೂಗನ್ನು ಗಮನಿಸಿ

ನಿಮ್ಮ ಗೆಳೆಯ ಅಥವಾ ಗೆಳತಿಯನ್ನು ಎದುರಿಗೆ ಕೂರಿಸಿಕೊಳ್ಳಿ. ಅವರ ಮೂಗಿನ ತುದಿಯನ್ನೇ ನೋಡುತ್ತಿರಿ. ಈಗ ಅವರು ಮೂರು ರೀತಿಯಲ್ಲಿ ನಿಧಾನವಾಗಿ ತಲೆಯಾಡಿಸಲಿ.

1. ತಲೆಯನ್ನು ಮೇಲೆ ಕೆಳಗೆ ಆಡಿಸುವುದು. ಮೂಗಿನ ತುದಿ ಗಾಳಿಯಲ್ಲಿ ಮೇಲಿನಿಂದ ಕೆಳಕ್ಕೆ ಉದ್ದಗೆರೆ ಎಳೆಯುತ್ತದೆ.

2. ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವುದು. ಮೂಗಿನ ತುದಿ ಅಡ್ಡಗೆರೆ ಎಳೆಯುತ್ತದೆ.

3. ತಲೆಯನ್ನು ಭುಜದ ಕಡೆಗೆ ಓರೆಯಾಗಿ ವಾಲಿಸುವುದು. ಮೂಗು ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ. ಒಂದು ಕಿವಿ ಕೆಳಗಿಳಿಯುತ್ತದೆ, ಇನ್ನೊಂದು ಮೇಲೇರುತ್ತದೆ. ತಕ್ಕಡಿಯ ತಟ್ಟೆಗಳ ಹಾಗೆ!

ಮೊದಲನೆಯದನ್ನು 'ಉದ್ದ', ಎರಡನೆಯದನ್ನು 'ಅಡ್ಡ', ಮೂರನೆಯದನ್ನು 'ಓರೆ' ಎಂದು ಕರೆಯೋಣ. ಈ ಮೂರನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಮುಂದೆ ನಾವು ನೋಡುವ ಗೊಂದಲಗಳಲ್ಲಿ ಹಲವು ಹುಟ್ಟುವುದು 'ಅಡ್ಡ' ಮತ್ತು 'ಓರೆ'ಗಳ ವ್ಯತ್ಯಾಸವನ್ನು ಗಮನಿಸದೆ ಇರುವುದರಿಂದ.

ಕುತ್ತಿಗೆಯೊಳಗಿನ ಕೀಲುಗಳು

ವಯಸ್ಕರ ತಲೆಯ ತೂಕ ಸುಮಾರು 4ರಿಂದ 5 ಕಿಲೋಗ್ರಾಂ. ಈ ಭಾರವನ್ನು ಹೊತ್ತು, ಬೇಕಾದ ಕಡೆಗೆಲ್ಲ ತಿರುಗಿಸುವ ಕೆಲಸ ಕುತ್ತಿಗೆಯದು. ನಮ್ಮ ಕುತ್ತಿಗೆಯಲ್ಲಿ 7 ಕಶೇರುಮಣಿಗಳಿವೆ. ಉದ್ದ ಕತ್ತಿನ ಜಿರಾಫೆಗೂ ಇರುವುದು 7 ಮಣಿಗಳೇ! ಮೈಸೂರು ಮೃಗಾಲಯಕ್ಕೆ ಹೋದಾಗ ಜಿರಾಫೆಯನ್ನು ನೋಡಿ ಇದನ್ನು ನೆನಪಿಸಿಕೊಳ್ಳಿ. ಅದರ ಒಂದೊಂದು ಮಣಿಯೂ ಬಹಳ ಉದ್ದ, ಅಷ್ಟೆ.

ತಲೆಬುರುಡೆ ಕೂತಿರುವುದು ಮೊದಲನೆಯ ಮಣಿಯ ಮೇಲೆ. ಇದರ ಹೆಸರು ಅಟ್ಲಾಸ್. ಗ್ರೀಕರ ಪುರಾಣದಲ್ಲಿ ಆಕಾಶವನ್ನು ಹೊತ್ತು ನಿಂತವನ ಹೆಸರು ಅಟ್ಲಾಸ್. ತಲೆಯನ್ನು ಹೊತ್ತ ಮಣಿಗೂ ಅದೇ ಹೆಸರಿಟ್ಟಿದ್ದಾರೆ. ನೀವು ತಲೆಯನ್ನು ಉದ್ದಕ್ಕೆ ಆಡಿಸುವಾಗ ಮುಖ್ಯವಾಗಿ ಕೆಲಸ ಮಾಡುವುದು ತಲೆಬುರುಡೆ ಮತ್ತು ಅಟ್ಲಾಸ್ ನಡುವಿನ ಕೀಲು.

ಎರಡನೆಯ ಮಣಿಯ ಹೆಸರು ಆಕ್ಸಿಸ್. ಇದರಲ್ಲಿ ಹಲ್ಲಿನಂತೆ ಮೇಲಕ್ಕೆ ಚಾಚಿದ ಒಂದು ಗೂಟವಿದೆ. ಬಳೆಯಂತಿರುವ ಅಟ್ಲಾಸ್ ಮಣಿ ಈ ಗೂಟದ ಸುತ್ತ ತಿರುಗುತ್ತದೆ. ಇದೇ ನೀವು ಪಾಠದಲ್ಲಿ ಓದಿದ ತಿರುಗಣಿ ಕೀಲು. ತಲೆಯನ್ನು ಅಡ್ಡಕ್ಕೆ ಆಡಿಸುವಾಗ ಹೆಚ್ಚಿನ ಕೆಲಸ ಇದರದ್ದು. ಓರೆಯಾಗಿ ವಾಲಿಸುವಾಗ ಮಾತ್ರ ಒಂದೇ ಕೀಲು ಸಾಲದು. ಕುತ್ತಿಗೆಯ ಕೆಳಗಿನ ಮಣಿಗಳೆಲ್ಲ ಸ್ವಲ್ಪ ಸ್ವಲ್ಪವೇ ಬಾಗಿ ತಲೆಯನ್ನು ವಾಲಿಸುತ್ತವೆ.

ಸ್ನಾಯುಗಳ ಕೆಲಸವನ್ನೂ ಮುಟ್ಟಿ ತಿಳಿಯಬಹುದು. ಎಡಗೈಯನ್ನು ಕತ್ತಿನ ಎಡಗಡೆ ಇಟ್ಟುಕೊಂಡು ಮುಖವನ್ನು ಬಲಕ್ಕೆ ತಿರುಗಿಸಿ. ಕಿವಿಯ ಹಿಂದಿನಿಂದ ಎದೆಮೂಳೆಯವರೆಗೆ ಓರೆಯಾಗಿ ಇಳಿದಿರುವ ಒಂದು ಸ್ನಾಯು ಹಗ್ಗದಂತೆ ಬಿಗಿಯಾಗುವುದು ಬೆರಳಿಗೆ ತಿಳಿಯುತ್ತದೆ.

ಈ ಮೂಳೆ, ಕೀಲು, ಸ್ನಾಯುಗಳು ಪ್ರಪಂಚದ ಎಲ್ಲ ಮನುಷ್ಯರಲ್ಲೂ ಒಂದೇ ತೆರನಾಗಿವೆ. ಮೂರು ಚಲನೆಗಳೂ ಎಲ್ಲರಿಗೂ ಸಾಧ್ಯ. ಆದರೆ ಯಾವ ಚಲನೆಗೆ ಯಾವ ಅರ್ಥ ಎಂಬುದನ್ನು ಮೂಳೆ ಹೇಳುವುದಿಲ್ಲ.

ನಮ್ಮೂರಿನ ಓರೆ ತಲೆ

ಮೈಸೂರಿನ ಬೀದಿಯಲ್ಲಿ ಒಂದು ಗಂಟೆ ನಿಂತು ನೋಡಿ. ದೇವರಾಜ ಮಾರುಕಟ್ಟೆಯಲ್ಲಿ "ಮಾರು ಮಲ್ಲಿಗೆ ಮೂವತ್ತಕ್ಕೆ ಕೊಡ್ತೀರಾ?" ಎಂದು ಕೇಳಿದರೆ ಹೂವಿನವರು ತಲೆಯನ್ನು ಒಂದು ಕಡೆಗೆ ವಾಲಿಸಿ ಹೂವನ್ನು ಅಳೆಯತೊಡಗುತ್ತಾರೆ. ಅಂದರೆ 'ಆಗಲಿ'. ದಾರಿಯಲ್ಲಿ ಪರಿಚಯದವರು ಸಿಕ್ಕರೆ ತಲೆ ಒಮ್ಮೆ ಓರೆಯಾಗುತ್ತದೆ. ಅಂದರೆ 'ಚೆನ್ನಾಗಿದ್ದೀರಾ?' ಯಾರಾದರೂ ಕಥೆ ಹೇಳುತ್ತಿದ್ದರೆ ಕೇಳುವವರ ತಲೆ ಅತ್ತಿತ್ತ ಮೆಲ್ಲಗೆ ಆಡುತ್ತದೆ. ಅಂದರೆ 'ಕೇಳುತ್ತಿದ್ದೇನೆ, ಮುಂದೆ ಹೇಳಿ'. ಸಂಗೀತ ಕಛೇರಿಯಲ್ಲಿ ಒಳ್ಳೆಯ ರಾಗಾಲಾಪನೆಗೆ ರಸಿಕರ ತಲೆ ತೂಗುತ್ತದೆ. ಮೆಚ್ಚುವುದಕ್ಕೆ 'ತಲೆದೂಗು' ಎಂಬ ಮಾತೇ ಕನ್ನಡದಲ್ಲಿದೆ!

'ಇಲ್ಲ' ಎನ್ನಲು ನಾವು ತಲೆಯನ್ನು ಅಡ್ಡಕ್ಕೆ ಆಡಿಸುತ್ತೇವೆ. ಕೆಲವೊಮ್ಮೆ ಬಾಯಲ್ಲಿ 'ತ್ಚ' ಎಂದು ಲೊಚಗುಟ್ಟುತ್ತೇವೆ. ದೂರದಲ್ಲಿರುವವರಿಗಾದರೆ ಕೈಯನ್ನು ಮೇಲೆತ್ತಿ, ಬೆರಳು ಬಿಡಿಸಿ, ಮಣಿಕಟ್ಟಿನಿಂದ ತಿರುವಿ ತೋರಿಸುತ್ತೇವೆ.

ಈಗ ಯೋಚಿಸಿ. ಗೋಕುಲಂನಲ್ಲಿ ಯೋಗ ಕಲಿಯಲು ದೂರದ ದೇಶಗಳಿಂದ ಬಂದವರಿರುತ್ತಾರೆ. ಅಂಥವರೊಬ್ಬರು ನಗರ ಬಸ್ ನಿಲ್ದಾಣದಲ್ಲಿ "ಚಾಮುಂಡಿ ಬೆಟ್ಟ?" ಎಂದು ಕೇಳುತ್ತಾರೆ ಎನ್ನಿ. ಕಂಡಕ್ಟರ್ ತಲೆಯನ್ನು ಓರೆಯಾಗಿ ವಾಲಿಸುತ್ತಾರೆ. ನಮಗೆ ಅದು 'ಹೋಗುತ್ತದೆ, ಹತ್ತಿ' ಎಂದು. ಆದರೆ ಓರೆಯ ಅಭ್ಯಾಸವಿಲ್ಲದ ಆ ಅತಿಥಿಗೆ ಅದು ಅಡ್ಡ ಆಡಿಸಿದಂತೆ ಕಾಣಬಹುದು. ಅವರು ಹತ್ತದೆ ನಿಲ್ಲುತ್ತಾರೆ. ಬಸ್ ಹೊರಟುಹೋಗುತ್ತದೆ. ಇಬ್ಬರಲ್ಲಿ ಯಾರದ್ದೂ ತಪ್ಪಿಲ್ಲ!

ಡಾರ್ವಿನ್ನರ 16ನೆಯ ಪ್ರಶ್ನೆ

ಜೀವವಿಕಾಸದ ಬಗ್ಗೆ ಬರೆದ ಚಾರ್ಲ್ಸ್ ಡಾರ್ವಿನ್ ಅವರಿಗೂ ಇದೇ ಕುತೂಹಲವಿತ್ತು. ಮುಖಭಾವ ಮತ್ತು ಸನ್ನೆಗಳು ಎಲ್ಲ ಜನರಲ್ಲೂ ಒಂದೇ ಆಗಿವೆಯೇ ಎಂದು ತಿಳಿಯಲು ಅವರು 1867ರಲ್ಲಿ 16 ಪ್ರಶ್ನೆಗಳ ಪಟ್ಟಿಯನ್ನು ಮುದ್ರಿಸಿ ಪ್ರಪಂಚದ ಬೇರೆ ಬೇರೆ ಕಡೆ ಇದ್ದವರಿಗೆ ಕಳುಹಿಸಿದರು. ಕೊನೆಯ ಪ್ರಶ್ನೆ ತಲೆಯಾಟದ್ದು: ಅಲ್ಲಿಯ ಜನ ಹೌದು ಎನ್ನಲು ತಲೆಯನ್ನು ಮೇಲೆ ಕೆಳಗೂ, ಇಲ್ಲ ಎನ್ನಲು ಅಡ್ಡಕ್ಕೂ ಆಡಿಸುತ್ತಾರೆಯೇ? ಅವರಿಗೆ 36 ಮಂದಿಯಿಂದ ಉತ್ತರಗಳು ಬಂದವು. ಅವನ್ನೆಲ್ಲ ಸೇರಿಸಿ ಭಾವಗಳ ಅಭಿವ್ಯಕ್ತಿಯ ಬಗ್ಗೆ 1872ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು.

ಭಾರತದಿಂದ ಬಂದ ಉತ್ತರಗಳು ಸ್ವಾರಸ್ಯಕರವಾಗಿವೆ. 'ಇಲ್ಲ' ಎನ್ನಲು ತಲೆಯನ್ನು ಹಿಂದಕ್ಕೆ, ಸ್ವಲ್ಪ ಪಕ್ಕಕ್ಕೆ ಎಸೆದು ನಾಲಿಗೆಯಿಂದ ಲೊಚಗುಟ್ಟುವ ರೂಢಿಯನ್ನು ಅಹಮದ್‌ನಗರದ ಕಡೆ ಇದ್ದ ಎರ್‌ಸ್ಕಿನ್ ಎಂಬ ಅಧಿಕಾರಿ ತಿಳಿಸಿದರು. 'ಹೌದು' ಎನ್ನಲು ತಲೆಯನ್ನು ಎಡಕ್ಕೆ ವಾಲಿಸುವುದುಂಟು ಎಂದು ಭಾರತೀಯರೊಬ್ಬರು ಹೇಳಿದರು. ಈ ಲೊಚಗುಟ್ಟುವಿಕೆಗೆ ಏನು ಅರ್ಥವಿರಬಹುದು ಎಂಬುದು ಡಾರ್ವಿನ್ನರಿಗೆ ಕೊನೆಗೂ ಹೊಳೆಯಲಿಲ್ಲ.

ಆಗ ಅವರು ಕಲ್ಕತ್ತದ ಸಸ್ಯೋದ್ಯಾನದಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಸ್ಕಾಟ್ ಅವರನ್ನು ಈ ಒಂದು ವಿಷಯವನ್ನೇ ಗಮನಿಸುವಂತೆ ಕೇಳಿಕೊಂಡರು. ಸ್ಕಾಟ್ ಮತ್ತೆ ಮತ್ತೆ ನೋಡಿ ಬರೆದರು: ಇಲ್ಲಿನ ಜನ ಹೌದು ಎನ್ನಲು ತಲೆಯನ್ನು ನೇರವಾಗಿ ಮೇಲೆ ಕೆಳಗೆ ಆಡಿಸುವುದು ಕಡಿಮೆ. ತಲೆಯನ್ನು ಮೊದಲು ಹಿಂದಕ್ಕೆ, ಎಡಕ್ಕೋ ಬಲಕ್ಕೋ ವಾಲಿಸಿ, ಆಮೇಲೆ ಒಂದೇ ಒಂದು ಸಲ ಓರೆಯಾಗಿ ಮುಂದಕ್ಕೆ ತರುತ್ತಾರೆ. ಇಲ್ಲ ಎನ್ನುವಾಗ ತಲೆಯನ್ನು ನೆಟ್ಟಗೆ ಇಟ್ಟುಕೊಂಡು ಹಲವು ಸಲ ಅಡ್ಡಕ್ಕೆ ಆಡಿಸುತ್ತಾರೆ. ಇದನ್ನು ಓದಿದ ಡಾರ್ವಿನ್, ಅಷ್ಟು ಎಚ್ಚರವಿಲ್ಲದವರು ನೋಡಿದ್ದರೆ ಹೌದು ಎನ್ನುವ ಆ ಓರೆ ಚಲನೆಯನ್ನೇ 'ಅಡ್ಡ' ಎಂದು ಬರೆದುಬಿಡುತ್ತಿದ್ದರೇನೋ ಎಂದರು.

ಗಮನಿಸಿದಿರಾ? 150 ವರ್ಷಗಳ ಹಿಂದೆಯೇ ಓರೆ ಬೇರೆ, ಅಡ್ಡ ಬೇರೆ ಎಂದು ಒಬ್ಬರು ಗುರುತಿಸಿದ್ದರು. ದೊಡ್ಡ ಉಪಕರಣವೇನೂ ಅವರ ಬಳಿ ಇರಲಿಲ್ಲ. ಎರಡು ಕಣ್ಣು ಮತ್ತು ತಾಳ್ಮೆ ಇದ್ದವು. ವೀಕ್ಷಣೆ ಎಂದರೆ ಇದು.

ಡಾರ್ವಿನ್ನರಿಗೆ ಬಂದ ಬೇರೆ ಕೆಲವು ಉತ್ತರಗಳು ಹೀಗಿದ್ದವು:

* ಗ್ರೀಕರು ಮತ್ತು ಟರ್ಕಿಯವರು: 'ಇಲ್ಲ' ಎನ್ನಲು ತಲೆಯನ್ನು ಹಿಂದಕ್ಕೆ ಎಸೆದು ಲೊಚಗುಟ್ಟುತ್ತಾರೆ.
* ನ್ಯೂಜಿಲೆಂಡಿನ ಮೂಲನಿವಾಸಿಗಳು: 'ಹೌದು' ಎನ್ನಲು ತಲೆ ಮತ್ತು ಗಲ್ಲವನ್ನು ಮೇಲೆತ್ತುತ್ತಾರೆ.
* ಬೋರ್ನಿಯೋ ದ್ವೀಪದ ಡಯಾಕರು: 'ಹೌದು' ಎನ್ನಲು ಹುಬ್ಬೇರಿಸುತ್ತಾರೆ.
* ಆಸ್ಟ್ರೇಲಿಯಾದ ಉತ್ತರ ತುದಿಯ ಜನರು: 'ಇಲ್ಲ' ಎನ್ನಲು ಬಲಗೈಯನ್ನು ಮೇಲೆತ್ತಿ ಎರಡು ಮೂರು ಸಲ ಅರ್ಧ ತಿರುವುತ್ತಾರೆ.

ಕೊನೆಯದನ್ನು ಓದಿದಾಗ ನಮ್ಮ ಅಂಗಡಿಯವರ 'ಇಲ್ಲ' ನೆನಪಾಗಲಿಲ್ಲವೇ?

ಸೈನಿಕರಿಗಾದ ಗೊಂದಲ

ಯುರೋಪಿನ ಬಲ್ಗೇರಿಯಾ ದೇಶದಲ್ಲಿ ತಲೆಯನ್ನು ಅಡ್ಡಡ್ಡ ಆಡಿಸಿದರೆ 'ಹೌದು', ಮೇಲಕ್ಕೆತ್ತಿ ಆಡಿಸಿದರೆ 'ಇಲ್ಲ'. ನೆರೆಯ ಹಲವು ದೇಶಗಳಿಗೆ ಇದು ಪೂರ್ತಿ ತಿರುಗುಮುರುಗು. 1877-78ರಲ್ಲಿ ರಷ್ಯಾ ಮತ್ತು ಟರ್ಕಿಗಳ ನಡುವೆ ಯುದ್ಧ ನಡೆಯಿತು. ಆಗ ಬಲ್ಗೇರಿಯಾದಲ್ಲಿದ್ದ ರಷ್ಯಾದ ಸೈನಿಕರಿಗೆ ಅಲ್ಲಿನ ಜನರ ತಲೆಯಾಟ ದೊಡ್ಡ ಗೊಂದಲವಾಯಿತು. ಅವರ ಹೌದು ಇವರಿಗೆ ಇಲ್ಲ, ಅವರ ಇಲ್ಲ ಇವರಿಗೆ ಹೌದು! ರಷ್ಯಾದಲ್ಲಿ ಹುಟ್ಟಿದ ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ 1972ರಲ್ಲಿ ಹೌದು-ಇಲ್ಲಗಳ ತಲೆಯಾಟದ ಬಗ್ಗೆಯೇ ಒಂದು ಲೇಖನ ಬರೆದು ಇದನ್ನು ವಿವರಿಸಿದ್ದಾರೆ.

ಒಂದೇ ದೇಶದೊಳಗೂ ಸನ್ನೆ ಬದಲಾಗಬಹುದು. ಇಟಲಿಯ ರೋಮ್ ನಗರದಲ್ಲಿ 'ಇಲ್ಲ' ಎನ್ನಲು ತಲೆಯನ್ನು ಅಡ್ಡಕ್ಕೆ ಆಡಿಸುತ್ತಾರೆ. ಅದರ ದಕ್ಷಿಣಕ್ಕಿರುವ ನೇಪಲ್ಸ್ ನಗರದಲ್ಲಿ ತಲೆಯನ್ನು ಹಿಂದಕ್ಕೆ ಎಸೆಯುವ ರೂಢಿಯೂ ಇದೆ. ಡೆಸ್ಮಂಡ್ ಮಾರಿಸ್ ಮತ್ತು ಅವರ ಜೊತೆಗಾರರು ಊರೂರು ತಿರುಗಿ ಜನರನ್ನು ಕೇಳಿ, ಇದನ್ನು 1979ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಕಾರಣವೇನಿರಬಹುದು? ದಕ್ಷಿಣ ಇಟಲಿಯಲ್ಲಿ 2,500 ವರ್ಷಗಳಿಗೂ ಹಿಂದೆ ಗ್ರೀಕರು ಬಂದು ನೆಲೆಸಿದ್ದರು. ಅವರ ಸನ್ನೆ ಅಲ್ಲಿಯೇ ಉಳಿದುಕೊಂಡಿದೆ ಎಂಬುದು ಸಂಶೋಧಕರ ವಿವರಣೆ. ಅರಮನೆಗಳು ಬಿದ್ದುಹೋಗಬಹುದು, ತಲೆಯಾಟ ಉಳಿಯುತ್ತದೆ!

ಹುಟ್ಟಿನಿಂದ ಬಂದದ್ದೋ, ಕಲಿತದ್ದೋ?

ಪುಟ್ಟ ಮಗುವಿಗೆ ರಾಗಿ ಸರಿ ತಿನ್ನಿಸುವುದನ್ನು ನೋಡಿ. ಹೊಟ್ಟೆ ತುಂಬಿದ ಮೇಲೆ ಚಮಚ ತಂದರೆ ಮಗು ಮುಖವನ್ನು ಆ ಕಡೆ ಈ ಕಡೆ ತಿರುಗಿಸುತ್ತದೆ. ಬೇಕಾದಾಗ ತಲೆಯನ್ನು ಮುಂದಕ್ಕೆ ತರುತ್ತದೆ. 'ಬೇಡ' ಎನ್ನುವ ಅಡ್ಡ ತಲೆಯಾಟ, 'ಬೇಕು' ಎನ್ನುವ ಉದ್ದ ತಲೆಯಾಟ ಇಲ್ಲಿಂದಲೇ ಹುಟ್ಟಿರಬಹುದು ಎಂದು ಡಾರ್ವಿನ್ ಊಹಿಸಿದರು. ಇದಕ್ಕೆ ಬೆಂಬಲವಾಗಿ ಅವರು ಅಮೆರಿಕದ ಲಾರಾ ಬ್ರಿಡ್ಜ್‌ಮನ್ ಎಂಬುವರ ಉದಾಹರಣೆ ಕೊಟ್ಟರು. ಎರಡು ವರ್ಷದ ಮಗುವಾಗಿದ್ದಾಗ ಜ್ವರದಿಂದ ಕಣ್ಣು ಕಿವಿ ಎರಡನ್ನೂ ಕಳೆದುಕೊಂಡಿದ್ದ ಲಾರಾ, ದೊಡ್ಡವರಾದ ಮೇಲೂ ಹೌದು ಎನ್ನಲು ಉದ್ದಕ್ಕೆ, ಇಲ್ಲ ಎನ್ನಲು ಅಡ್ಡಕ್ಕೆ ತಲೆಯಾಡಿಸುತ್ತಿದ್ದರು.

ಆದರೆ ಬಲ್ಗೇರಿಯಾದ ಮಗುವೂ ಹೊಟ್ಟೆ ತುಂಬಿದಾಗ ಮುಖ ತಿರುಗಿಸುತ್ತದೆಯಲ್ಲವೇ? ಅದು ಬೆಳೆದ ಮೇಲೆ ಅಡ್ಡಕ್ಕೆ ಆಡಿಸಿ 'ಹೌದು' ಎನ್ನುತ್ತದೆ. ಆದ್ದರಿಂದ ಹುಟ್ಟಿನಿಂದ ಬಂದದ್ದೇ ಎಲ್ಲವೂ ಅಲ್ಲ. ಡಾರ್ವಿನ್ನರೂ ಹೀಗೆಯೇ ತೂಗಿ ನೋಡಿದರು: ಈ ಸನ್ನೆಗಳು ತಾವು ನಿರೀಕ್ಷಿಸಿದಷ್ಟು ಎಲ್ಲೆಡೆ ಇಲ್ಲ, ಆದರೆ ಕೇವಲ ಜನ ಮಾಡಿಕೊಂಡ ಕಟ್ಟುಪಾಡು ಎನ್ನಲಾಗದಷ್ಟು ಕಡೆ ಇವೆ.

ಸಂಜ್ಞಾ ಭಾಷೆಗಳು ಇನ್ನೊಂದು ಸುಳಿವನ್ನು ಕೊಡುತ್ತವೆ. ಕಿವಿ ಕೇಳದವರು ಬಳಸುವ ಭಾರತೀಯ ಸಂಜ್ಞಾ ಭಾಷೆಯಲ್ಲಿ 'ಇಲ್ಲ' ಎಂಬುದಕ್ಕೆ ಕೈಸನ್ನೆಯ ಜೊತೆ ತಲೆಯನ್ನು ಅಡ್ಡಕ್ಕೆ ಆಡಿಸುತ್ತಾರೆ. ಗ್ರೀಸ್ ಮತ್ತು ಟರ್ಕಿಯ ಸಂಜ್ಞಾ ಭಾಷೆಗಳಲ್ಲಿ ತಲೆಯನ್ನು ಹಿಂದಕ್ಕೆ ವಾಲಿಸುವುದೂ ಉಂಟು. ಅಂದರೆ ಆಯಾ ಊರಿನವರ ತಲೆಯಾಟವೇ ಅಲ್ಲಿನ ಸಂಜ್ಞಾ ಭಾಷೆಯೊಳಗೂ ಸೇರಿಕೊಂಡಿದೆ. ಕತ್ತನ್ನು ಕೊಟ್ಟದ್ದು ಪ್ರಕೃತಿ, ಅರ್ಥವನ್ನು ಕೊಟ್ಟದ್ದು ಊರು.

ಮಾತು ಮತ್ತು ಶ್ರವಣದ ಅಧ್ಯಯನಕ್ಕೆ ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಭಾಷೆಗಳ ಅಧ್ಯಯನಕ್ಕೆ ಭಾರತೀಯ ಭಾಷಾ ಸಂಸ್ಥಾನ 1969ರಲ್ಲಿ ಇಲ್ಲಿಯೇ ಪ್ರಾರಂಭವಾಯಿತು. ಮುಂದೆ ನಿಮ್ಮಲ್ಲೊಬ್ಬರು ಅಲ್ಲಿ ಕುಳಿತು ಕರ್ನಾಟಕದ ತಲೆಯಾಟದ ನಕ್ಷೆಯನ್ನೇ ಬಿಡಿಸಬಹುದು!

ಇದರಿಂದ ನಮಗೇನು ಪ್ರಯೋಜನ?

ಬಸ್ ತಪ್ಪಿದರೆ ಇನ್ನೊಂದು ಬರುತ್ತದೆ. ಆದರೆ ಕೆಲವು ತಲೆಯಾಟಗಳನ್ನು ತಪ್ಪಾಗಿ ಓದಿದರೆ ನಷ್ಟ ದೊಡ್ಡದು.

ಆಸ್ಪತ್ರೆಯಲ್ಲಿ ನರ್ಸ್ ಕೇಳುತ್ತಾರೆ: "ಅಜ್ಜಿ, ಬೆಳಗಿನ ಮಾತ್ರೆ ತಗೊಂಡ್ರಾ?" ಅಜ್ಜಿ ತಲೆಯನ್ನು ಓರೆಯಾಗಿ ಆಡಿಸುತ್ತಾರೆ. ಅದು 'ತಗೊಂಡೆ' ಎಂದೋ? 'ನೀವು ಹೇಳಿದ್ದು ಕೇಳಿಸಿತು ಕಣಮ್ಮ' ಎಂದೋ? ತಗೊಂಡರು ಎಂದು ನರ್ಸ್ ಭಾವಿಸಿದರೆ ಮಾತ್ರೆ ತಪ್ಪಿಹೋಗಬಹುದು. ತಗೊಂಡಿಲ್ಲ ಎಂದು ಭಾವಿಸಿದರೆ ಎರಡು ಸಲ ಆಗಬಹುದು. ಆದ್ದರಿಂದ "ಎಷ್ಟು ಗಂಟೆಗೆ ತಗೊಂಡ್ರಿ ಅಜ್ಜಿ?" ಎಂದು ಕೇಳುವುದು ಒಳ್ಳೆಯದು. ಈ ಪ್ರಶ್ನೆಗೆ ತಲೆಯಾಡಿಸಿ ಉತ್ತರಿಸಲು ಆಗುವುದಿಲ್ಲ. ಬಾಯಿ ತೆರೆಯಲೇಬೇಕು.

ತರಗತಿಯಲ್ಲೂ ಹಾಗೆಯೇ. "ಅರ್ಥ ಆಯ್ತಾ?" ಎಂದು ಶಿಕ್ಷಕರು ಕೇಳಿದಾಗ ನಲವತ್ತು ತಲೆಗಳು ಆಡುತ್ತವೆ. ಅವುಗಳಲ್ಲಿ ನಿಜವಾಗಿ ಅರ್ಥವಾದ ತಲೆಗಳೆಷ್ಟು? 'ಕೇಳಿಸಿತು ಸರ್' ಎನ್ನುವ ತಲೆಗಳೆಷ್ಟು? ಪಕ್ಕದವರು ಆಡಿಸಿದರೆಂದು ಆಡಿದ ತಲೆಗಳೆಷ್ಟು? ಅರ್ಥವಾಗದಿದ್ದರೆ ಆಡಿಸಬೇಕಾದ್ದು ತಲೆಯಲ್ಲ, ಎತ್ತಬೇಕಾದ್ದು ಕೈ. "ಮಿಸ್, ಇನ್ನೊಂದು ಸಲ ಹೇಳಿ" ಎನ್ನುವುದರಲ್ಲಿ ನಾಚಿಕೆಯಿಲ್ಲ. ಸುಮ್ಮನೆ ತಲೆಯಾಡಿಸಿದವರಿಗೆ ಆ ಪಾಠ ಮತ್ತೆ ಸಿಗುವುದಿಲ್ಲ.

ಹಾಗೆಯೇ ಬೇರೆ ರಾಜ್ಯದಿಂದ ಕೆಲಸಕ್ಕೆ ಬಂದವರ ಮಗು ನಿಮ್ಮ ತರಗತಿಗೆ ಸೇರಿದರೆ, ಅದರ ತಲೆಯಾಟ ನಿಮ್ಮದಕ್ಕಿಂತ ಬೇರೆಯಾಗಿ ಕಂಡರೆ ನಗಬೇಡಿ. ನಿಮ್ಮದೂ ಅದಕ್ಕೆ ಅಷ್ಟೇ ಹೊಸದು. ಮಾತಿನಲ್ಲಿ ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ.

ಚಟುವಟಿಕೆ 2: ನಮ್ಮ ಬೀದಿಯ ತಲೆಯಾಟ

ಬೇಕಾಗುವ ಸಾಮಗ್ರಿಗಳು: ನೋಟ್ ಪುಸ್ತಕ, ಪೆನ್ಸಿಲ್.

ವಿಧಾನ: ಇಬ್ಬರ ತಂಡ ಮಾಡಿಕೊಳ್ಳಿ. ಒಬ್ಬರು ಪ್ರಶ್ನೆ ಕೇಳಬೇಕು, ಇನ್ನೊಬ್ಬರು ನೋಡಿ ಬರೆಯಬೇಕು. ಮನೆಯವರು, ನೆರೆಯವರು ಸೇರಿ ಹತ್ತು ಜನರನ್ನು ಆರಿಸಿಕೊಳ್ಳಿ. 'ಊಟ ಆಯ್ತಾ?', 'ನಿಮಗೆ ಈಜು ಬರುತ್ತಾ?', 'ನಾಳೆ ನಮ್ಮ ಮನೆಗೆ ಬರ್ತೀರಾ?' ಎಂಬ ಮೂರು ಪ್ರಶ್ನೆಗಳನ್ನು ಕೇಳಿ. ತಲೆಯಾಟ ಉದ್ದವೋ, ಅಡ್ಡವೋ, ಓರೆಯೋ, ಎಷ್ಟು ಸಲ ಆಡಿತು ಎಂದು ಬರೆಯಿರಿ. ಪಕ್ಕದಲ್ಲಿ ಅವರು ಬಾಯಲ್ಲಿ ಹೇಳಿದ ಉತ್ತರವನ್ನೂ, ಅವರ ಮನೆಮಾತನ್ನೂ ಬರೆದುಕೊಳ್ಳಿ. ಕೊನೆಯಲ್ಲಿ ಏಕೆ ಕೇಳಿದಿರಿ ಎಂದು ಅವರಿಗೆ ತಿಳಿಸಿ.

ಎಚ್ಚರಿಕೆ: ಪ್ರಶ್ನೆ ಕೇಳುವವರು ತಮ್ಮ ತಲೆಯನ್ನು ಆಡಿಸಬಾರದು. ಏಕೆ ಗೊತ್ತೇ? ಜರ್ಮನಿಯ ಬರ್ಲಿನ್ ನಗರದಲ್ಲಿ ಹಾನ್ಸ್ ಎಂಬ ಕುದುರೆಯಿತ್ತು. ಲೆಕ್ಕ ಕೇಳಿದರೆ ಗೊರಸಿನಿಂದ ನೆಲ ಕುಟ್ಟಿ ಸರಿಯಾದ ಉತ್ತರ ಹೇಳುತ್ತಿತ್ತು. 1904ರಲ್ಲಿ ಅದು ಬಹಳ ಹೆಸರಾಗಿತ್ತು. ಆಸ್ಕರ್ ಫಂಗ್‌ಸ್ಟ್ ಎಂಬುವರು ಪರೀಕ್ಷಿಸಿ ನೋಡಿದಾಗ, ಸರಿಯಾದ ಸಂಖ್ಯೆ ಬಂದ ಕೂಡಲೇ ಪ್ರಶ್ನೆ ಕೇಳಿದವರ ತಲೆ ಅವರಿಗೇ ತಿಳಿಯದಂತೆ ಒಂದಿಷ್ಟು ಮೇಲೇಳುತ್ತಿತ್ತು. ಅದನ್ನು ನೋಡಿ ಕುದುರೆ ಕುಟ್ಟುವುದನ್ನು ನಿಲ್ಲಿಸುತ್ತಿತ್ತು! ಪ್ರಶ್ನೆ ಕೇಳಿದವರು ಕಣ್ಣಿಗೆ ಕಾಣದಿದ್ದರೆ ಹಾನ್ಸ್‌ಗೆ ಲೆಕ್ಕ ಬರುತ್ತಿರಲಿಲ್ಲ. ಫಂಗ್‌ಸ್ಟ್ ಇದನ್ನು 1907ರಲ್ಲಿ ಪ್ರಕಟಿಸಿದರು. ನಿಮ್ಮ ತಲೆ ನೋಡಿ ಎದುರಿನವರೂ ತಲೆಯಾಡಿಸಿದರೆ ನಿಮ್ಮ ಪ್ರಯೋಗವೇ ಕೆಡುತ್ತದೆ.

ತೀರ್ಮಾನ: ನಿಮ್ಮ ಪಟ್ಟಿಯಲ್ಲಿ 'ಹೌದು' ಎಂಬುದಕ್ಕೆ ಎಷ್ಟು ಉದ್ದ, ಎಷ್ಟು ಓರೆ ಬಂದಿವೆ? 'ನಾಳೆ ಬರ್ತೀರಾ' ಎಂದಾಗ ಬಂದ ಓರೆ, 'ಊಟ ಆಯ್ತಾ' ಎಂದಾಗ ಬಂದ ಓರೆಯಷ್ಟೇ ಗಟ್ಟಿಯಾಗಿತ್ತೇ? ಹತ್ತೇ ಜನರನ್ನು ನೋಡಿ 'ಮೈಸೂರಿನವರೆಲ್ಲ ಹೀಗೆ' ಎಂದು ಬರೆಯಬೇಡಿ. 'ನಾವು ನೋಡಿದ ಹತ್ತು ಜನರಲ್ಲಿ' ಎಂದು ಬರೆಯಿರಿ. ವಿಜ್ಞಾನದ ಭಾಷೆ ಅದು.

ಯೋಚಿಸಿ ಉತ್ತರಿಸಿ

1. ತಲೆಯನ್ನು ಅಡ್ಡಕ್ಕೆ ಆಡಿಸುವಾಗ ಹೆಚ್ಚಾಗಿ ಕೆಲಸ ಮಾಡುವ ಕೀಲು ಯಾವ ಬಗೆಯದು?
2. ಓರೆ ಮತ್ತು ಅಡ್ಡ ಚಲನೆಗಳನ್ನು ಮೂಗಿನ ಸಹಾಯದಿಂದ ಹೇಗೆ ಗುರುತಿಸುವಿರಿ?
3. ಜಾನ್ ಸ್ಕಾಟ್ ಒಂದೇ ಸಲ ನೋಡಿ ಉತ್ತರ ಬರೆದಿದ್ದರೆ ಏನಾಗುತ್ತಿತ್ತು?
4. ತಲೆಯಾಡಿಸಿ ಉತ್ತರಿಸಲು ಆಗದಂತಹ ಮೂರು ಪ್ರಶ್ನೆಗಳನ್ನು ರಚಿಸಿ. ಇಂದು ಕಲಿತ ಪಾಠದ ಬಗ್ಗೆ ನಿಮ್ಮ ಪಕ್ಕದವರನ್ನು ಆ ಪ್ರಶ್ನೆಗಳಿಂದ ಪರೀಕ್ಷಿಸಿ.